ಚುಕ್ಕಿ ಲೆಕ್ಕ

ಐದು ದಿನದ ಟೆಸ್ಟ್ ರೇಡಿಯೋದಾಗ.
ನಮಗ ಸಿಗೋದು ಶನಿವಾರದ ಅರ್ಧ, ಐತವಾರ ಇಡೀ,
ಹುಬ್ಬಳ್ಳಿ ಗದಗ ರೋಡಿನ ವರ್ಕ್‌ಶಾಪ್ ಮೈದಾನ,
ಎರಿ ಮಣ್ಣಿನ ಮ್ಯಾಲೆ ಮೊಳಿ ಹೊಡದು ಬಿಗಿದ ನಾರಿನ ಚಾಪಿ.
ಅದನ್ನ ನಾವು ಟೆಸ್ಟ್ ಅಂತೇವಿ.
ಯಾರೂ ನಗಂಗಿಲ್ಲ.

ನಾ ಟೈಮ್ ಆಫೀಸಿನ ಕಾರಕೂನ, ಸ್ಕೋರು ಬರಿಯಾಂವ.
ಕನ್ನಡ ಅಂಕಿಯೊಳಗ ಬರಿತೀನಿ.
ಧಾರವಾಡದ ಅಂಪೈರು ಒಮ್ಮೆ ತಕರಾರು ತಗದಿದ್ದರು.
ಕೂಡಿಸಿ ನೋಡ್ರಿ, ತಪ್ಪಿದ್ರ ಹೇಳ್ರಿ, ಅಂದೆ.
ತಪ್ಪಿರಲಿಲ್ಲ.

ಕಿಲ್ಲೇದಾರ ರಾಜೇಸಾಬ ಆಡಾಕ ಇಳಿದನಂದ್ರ
ಪೆನ್ಸಿಲ್ ಮೊದಲಽ ಚೂಪು ಮಾಡಿ ಇಟಗೋಬೇಕು.
೪, ೪, ಒಂದು ಚುಕ್ಕಿ, ೬ —
ಚೆಂಡು ಕಂಪೌಂಡ್ ಹಾರಿ ಗಿರಮಿಟ್ ಗಾಡಿಯ ಬುಟ್ಟಿಯೊಳಗ.
ಗಾಡಿಯಾಂವ ಬೈಯಂಗಿಲ್ಲ, ಒರಸಿ ಕೊಡತಾನ,
ಮರುದಿನ ನಾಕು ಮಂದಿಗೆ ಹೇಳತಾನ.

ಆ ಕಡಿ ತುದಿಗೆ ಶಿವಪುತ್ರ ಹೆಬ್ಬಳ್ಳಿ.
ಬಿಟ್ಟ. ಬಿಟ್ಟ. ತಡದ. ಬಿಟ್ಟ.
ಬ್ಯಾಟು ಎತ್ತಿ, ಮೈ ಸರಿಸಿ,
ಸಂದಿಯೊಳಗ ಎದುರು ಬಂದ ಎತ್ತಿಗೆ ದಾರಿ ಕೊಟ್ಟಂಗ,
ಹೋಗಪಾ, ಹೋಗು, ಅಂದಂಗ.
ಇಪ್ಪತ್ತಾರು ಓವರ್, ಹನ್ನೊಂದು ರನ್.
ನನ್ನ ಹಾಳಿ ತುಂಬ ಚುಕ್ಕಿ,
ಸಾರಿಸಿದ ಅಂಗಳಕ್ಕ ಯಾರೋ ಚುಕ್ಕಿ ಇಟ್ಟು
ಗೆರಿ ಎಳಿಯೋದು ಮರತು ಒಳಗ ಹೋದಂಗ.
ಮಂದಿ ಎದ್ದು ನಡದ್ರು. ಒಬ್ಬ ಕೂಗಿದ:
"ಲೇ ಹೆಬ್ಬಳ್ಳಿ, ನಿಂತಲ್ಲೇ ಮೊಳಕಿ ಒಡದೀ!"

ಐವತ್ತಾರಕ್ಕ ಔಟಾಗಿ ಕಿಲ್ಲೇದಾರ ನನ್ನ ಬಾಜೂ ಬಂದು ಕುಂತ.
ಪ್ಯಾಡು ಬಿಚ್ಚಲಿಲ್ಲ.
"ಎಷ್ಟು ಬಿಟ್ಟ ಇಲ್ಲೀತನಕ?"
"ನಲವತ್ತೊಂದು."
ಒಂದಿಷ್ಟು ಹೊತ್ತಿಗೆ ಮತ್ತ, "ಈಗ?"

ನೋಡ್ರಿ, ಈ ಕಿಲ್ಲೇದಾರ ಗಾಲಿ ಶಾಪಿನ್ಯಾಗ ಇನ್ಸ್‌ಪೆಕ್ಟರ.
ವಾರಗಟ್ಲೆ ಕಣ್ಣು ಕಿರಿದು ಮಾಡಿ
ಕೂದಲೆಳಿಯಷ್ಟು ಸವದದ್ದು ಅಳಿಯೋ ಕೆಲಸ,
ಉಸಿರು ಬಿಟ್ರ ಅಳತಿ ತಪ್ಪತೈತಿ.
ಹೆಬ್ಬಳ್ಳಿ ರಿವೆಟ್ ಹೊಡಿಯಾಂವ.
ಸೋಮವಾರ ಮುಂಜಾನಿಂದ ಶನಿವಾರದ ಭೋಂಗಾ ಆಗೂತನಕ
ಧಡ್, ಧಡ್.
ಎಡಗಿವಿ ಅರ್ಧ ಹೋಗೇತಿ.

ಚಾ ಹೊತ್ತಿಗೆ ಅಂವ ಒಳಗ ಬಂದ, ಔಟಾಗದ.
"ಕೈ ತುರಸಂಗಿಲ್ಲೇನಲೇ ನಿನಗ?" ಕಿಲ್ಲೇದಾರ ಕೇಳಿದ.
ಹೆಬ್ಬಳ್ಳಿ ಬಲಗಿವಿ ಈ ಕಡಿ ತಿರುವಿ ಇನ್ನೊಮ್ಮೆ ಕೇಳಿಸಿಕೊಂಡ.
"ವಾರೆಲ್ಲಾ ಹೊಡದಽ ಹೊಡೀತೀನಿ.
ಇಲ್ಲಿ ಒಂದು ಬಿಟ್ಟಾಗ
ಅದು ಕೀಪರನ ಕೈಯಾಗ ಫಟ್ ಅನ್ನೂತನಕ
ಒಂದು ಸುಮ್ಮನ ಇರತೈತಿ.
ಅದು ಬೇಕು ನನಗ."

ಕಿಲ್ಲೇದಾರ ನಗಲಿಲ್ಲ. ಬಶಿಯೊಳಗ ಚಾ ಆರಿತ್ತು.
"ನನಗ ಅದರದಽ ಅಂಜಿಕಿ," ಅಂದ.

ಮ್ಯಾಚು ಡ್ರಾ ಆತು. ಆಗೂದಽ ಇತ್ತು.
ಸಂಜಿಮುಂದ ಚಾಪಿ ಸುತ್ತಿ ನಾಕು ಮಂದಿ ಹೆಗಲ ಮ್ಯಾಲೆ ಹೊತ್ತರು.
ನಾ ದೀಪದ ಕಂಬದ ಬುಡಕ ಕುಂತು ಲೆಕ್ಕ ಕೂಡಿಸಿದೆ.
ರನ್ನು ಹೊಂದಿದವು.
ಚುಕ್ಕಿ ಒಂದು ಹೆಚ್ಚು ಬಂತು.
ಮೂರು ಸಲ ಎಣಿಸಿದೆ, ಹೆಚ್ಚಽ.
ಎಲ್ಲೋ ಪೆನ್ಸಿಲ್ಲೂ ಒಂದು ಗಳಿಗಿ ಸುಮ್ಮನ ಕುಂತಿರಬೇಕು.
ರಬ್ಬರು ಕೈಯಾಗಽ ಇತ್ತು.
ಅಳಸಲಿಲ್ಲ.