ಸೊಲ್ಲಿಗೆ ಮುಂಚೆ

ಹೆರ್ನೋಸಂಡಿನ ಬೆಳಗಿನ ಮೊದಲ ಬಸ್ಸು,
ಆರೂಕಾಲು, ಇನ್ನೂ ಗವ್ವೆನ್ನುವ ಕತ್ತಲೆ.
ಹತ್ತಿದವರು ಬೂಟಿನ ಹಿಮ ಕೊಡವಿ ಕೂರುತ್ತಾರೆ,
ಯಾರೂ ಯಾರೊಡನೆಯೂ ಮಾತಾಡರು, ಅದು ನಮ್ಮ ಕಡೆಯ ಮರ್ಯಾದೆ.
ರೇಡಿಯೊ ಮಾತ್ರ ನಾಚಿಕೆ ಬಿಟ್ಟು ಕುಣಿಯುತ್ತದೆ.

ಆ ಹಾಡು ಬಂತೆಂದರೆ ನಾನು ಕಾಯುವುದು ಒಂದಕ್ಕೇ:
ಎರಡನೇ ಸಲದ ಪಲ್ಲವಿಗೆ ಮುಂಚೆ
ಡ್ರಮ್ಮು ನಿಂತು, ಸೊಲ್ಲು ಇನ್ನೂ ಹುಟ್ಟದ ಅರೆಗಳಿಗೆಯಲ್ಲಿ
ಯಾರೋ ಒಬ್ಬಳು ಉಸಿರೆಳೆದುಕೊಳ್ಳುತ್ತಾಳೆ.

ಆ ಯಾರೋ, ನಾನು.

ಟೊರ್ಗ್ನಿ ಮಾವನ ನೆಲಮಾಳಿಗೆ, ನಾಲ್ಕನೇ ಬಾಗಿಲು,
ಹುಳಿ ಬರಿಸಿದ ಹೆರಿಂಗ್ ಮೀನಿನ ಗೋದಾಮು.
ಜೂನ್ ಬಂದರೆ ಡಬ್ಬಿಗಳು ಬಸುರಿಯರಂತೆ ಉಬ್ಬುತ್ತಿದ್ದವು,
ಯಾವುದು ಎಂದು ಸಿಡಿದೀತೋ ಎಂಬ ಭಯದಲ್ಲೇ ನಮ್ಮ ತಾಳ.
ಯೆರ್ಕರ್ ಎರಡು ಬೇಸಿಗೆ ಗರಗಸದ ಮಿಲ್ಲಿನಲ್ಲಿ ದುಡಿದು ತಂದ
ಕೀಬೋರ್ಡಿಗೆ ಒಂದು ಕಪ್ಪು ಮನೆ ಕೆಟ್ಟಿತ್ತು,
ಹಾಗಾಗಿ ಆ ಸ್ವರವನ್ನು ಹಾಡಿನಿಂದಲೇ ತೆಗೆದೆವು.
ದೀಸಾಗೆ ಕುಣಿತ. ಸಿಕ್ಸ್ಟೆನ್‌ಗೆ ಇಂಗ್ಲಿಷು:
ಟೀವಿಯಲ್ಲಿ ಕಲಿತದ್ದು ಅರ್ಧ, ನಿಘಂಟಿನಲ್ಲಿ ಅರ್ಧ.
ಕಣ್ಣ ಮುಂದೆ ನಿಂತಿರುವೆ ಎಂದು ಬರೆಯಹೋಗಿ
ಕಣ್ಣ ಮೇಲೆ ನಿಂತಿರುವೆ ಎಂದು ಬರೆದ.
ಮುಚ್ಚಿಹೋದ ಆಸ್ಪತ್ರೆಯ ಎರಡು ಹಾಸಿಗೆಗಳ ನಡುವೆ
ತಿಗಣೆಯಂತೆ ನಿಂತು
ನಾನು ಅದನ್ನು ಮನಸಾರೆ ಹಾಡಿದೆ.

ಹನ್ನೆರಡು ಕ್ಯಾಸೆಟ್ಟು, ಹನ್ನೆರಡು ಅಂಚೆಚೀಟಿ.
ಹನ್ನೊಂದಕ್ಕೆ ಉತ್ತರವಿಲ್ಲ.
ಹನ್ನೆರಡನೆಯದು ಹೇಗೋ ಫಿನ್ಲೆಂಡಿಗೆ ಹೋಗುವ ಹಡಗಿನ
ಡಿಸ್ಕೊ ಸೇರಿತು. ಅಲೆಗೆ ನೆಲ ವಾಲುತ್ತಿತ್ತು,
ಕುಡಿದವರೂ ಕುಡಿಯದವರೂ ಒಂದೇ ಥರ ವಾಲುತ್ತ
ಇನ್ನೊಮ್ಮೆ, ಇನ್ನೊಮ್ಮೆ ಎಂದರಂತೆ.

ಸ್ಟಾಕ್‌ಹೋಮಿನಿಂದ ಫೋನು: ಮಂಗಳವಾರ ಫೋಟೊ, ನಾಲ್ವರೂ ಬನ್ನಿ.
ಮಂಗಳವಾರ ನನಗೆ ಬಸ್ಸಿನ ಲೈಸೆನ್ಸ್ ಪರೀಕ್ಷೆ.
ಬುಧವಾರ ಆಗದೇ, ಅಂದೆ.
ಅಷ್ಟೇ. ದುರಂತ ಹುಡುಕುವವರು ಬೇರೆ ಕಡೆ ನೋಡಿ.

ಯೆವ್ಲೆಯಿಂದ ವೆಂಡೆಲಾ ಬಂದಳು, ಒಳ್ಳೆಯ ಹುಡುಗಿ,
ಕ್ಯಾಮೆರಾ ಕಂಡರೆ ಅವಳ ಕೆನ್ನೆಗೆ ತಾನಾಗೇ ಬೆಳಕು.
‘ಕೆಲ್ಲಾರ್ ನಾಲ್ಕು’ ಎಂಬ ನಮ್ಮ ಹೆಸರು
ಲಂಡನ್ನಿನ ಗುಮಾಸ್ತನ ಕಿವಿಯಲ್ಲಿ ‘ಸೆಲ್ಲಾ ಫೋರ್’ ಆಯಿತು.
ಎಲ್ಲವನ್ನೂ ಹೊಸದಾಗಿ ಹಾಡಿಸಿದರು, ಆ ತಪ್ಪನ್ನು ಬಿಟ್ಟು.
ತಪ್ಪೇ ಚೆನ್ನಾಗಿದೆ, ಇರಲಿ, ಅಂದರಂತೆ.
ಮತ್ತೆ ನನ್ನ ಆ ಉಸಿರು:
ಅಳಿಸಿದರೆ ಹಾಡು ಮುಗ್ಗರಿಸುತ್ತದೆ ಎಂದು
ಯೆರ್ಕರ್ ಹಟ ಹಿಡಿದನಂತೆ. ನನಗೆ ಸಾವಿರದ ಇನ್ನೂರು ಕ್ರೋನ ಬಂತು,
ಒಳ್ಳೆಯ ಚಳಿಬೂಟು ಕೊಂಡೆ.

ಏಳು ವಾರ ಜರ್ಮನಿ. ಆಮೇಲೆ ಇಸ್ತಾಂಬುಲ್, ಸಾವೊ ಪಾವ್ಲೊ,
ಮನಿಲಾ. ಅಂಗಡಿಯ ಪತ್ರಿಕೆಯಲ್ಲಿ ದೀಸಾ ತೋಳಿಲ್ಲದ ಬೆಳ್ಳಿ ಅಂಗಿಯಲ್ಲಿ
ನಗುತ್ತಿದ್ದಳು; ಅವಳಿಗೆ ಚಳಿ ಎಂದು ನನಗೆ ಗೊತ್ತಾಯಿತು,
ಚಳಿಯಾದಾಗ ಅವಳ ಎಡಹುಬ್ಬು ಮೇಲೇರುತ್ತದೆ.

ಹೊಟ್ಟೆ ಉರಿಯಲಿಲ್ಲವೇ? ಉರಿಯಿತು.
ಒಂದು ಇಡೀ ಮಾರ್ಚ್ ತಿಂಗಳು ರೇಡಿಯೊ ಆರಿಸಿಯೇ ಓಡಿಸಿದೆ.

ಹೋದ ಡಿಸೆಂಬರಿನಲ್ಲಿ ಹತ್ತಿದವಳು ಲುಸ್ವಿಮಿಂದಾ,
ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿ, ಊರು ಇಲೊಯ್ಲೊ.
ಹಾಡು ಬಂದದ್ದೇ ಮುಂದಿನ ಸೀಟಿಗೆ ಎದ್ದು ಬಂದಳು.
ಜೋರು ಮಾಡಿ, ಅಕ್ಕನ ಮದುವೆಯಲ್ಲಿ ರಾತ್ರಿಯೆಲ್ಲ ಇದೇ, ಅಂದಳು.
ಕಣ್ಣ ಮೇಲೆ ನಿಂತಿರುವೆ ಎಂದು ಎದೆಯ ಮೇಲೆ ಕೈಯಿಟ್ಟು ಹಾಡಿದಳು.
ನಾನು ತಿದ್ದಲಿಲ್ಲ.
ಎರಡನೇ ಪಲ್ಲವಿ ಹತ್ತಿರ ಬಂತು, ಡ್ರಮ್ಮು ನಿಂತಿತು,
ಅಲ್ಲಿ, ಸರಿಯಾಗಿ ಅಲ್ಲಿ,
ಅವಳೂ ಉಸಿರೆಳೆದುಕೊಂಡಳು,
ಅದೂ ಸಾಹಿತ್ಯದ ಒಂದು ಪದವೆಂಬಂತೆ, ಬಾಯಿಪಾಠವಾದದ್ದು.

ನಿಲ್ದಾಣ ದಾಟಿಹೋಗಿತ್ತು.
ಹಿಂದಿನಿಂದ ಯಾರೋ ಮೊದಲ ಬಾರಿಗೆ ಮಾತಾಡಿದರು:
ಇಳಿಯುವವರಿದ್ದೇವೆ, ಅಮ್ಮಾ.