ಬೋಟಿನ ಟರ್ಬೊ

ಬಾವ್ತಿಸ್‌ಗೆ ಉಗ್ಗು.
ಬಾಯಿ ತೆರೆದು, ಶಬ್ದ ಹೊರಗೆ ಬರುವಷ್ಟರಲ್ಲಿ
ಒಂದು ಬೀಡಿ ಹಚ್ಚಬಹುದು.
ಹಾಗಾಗಿ ಬೈಕಂಪಾಡಿಯ ನಾವೆಲ್ಲ
ಅವನ ವಾಕ್ಯಗಳನ್ನು ಅವನ ಪರವಾಗಿ ಮುಗಿಸುತ್ತೇವೆ.
"ಸ್ಪಾ..." ಎಂದರೆ ಸ್ಪಾನರು ಕೊಡುತ್ತೇವೆ.
ಅವನು ಕೇಳಿದ್ದು ಸ್ಪಾರ್ಕ್ ಪ್ಲಗ್ಗು ಇರಬಹುದು.
ಸ್ಪಾನರು ಹಿಡಿದುಕೊಂಡು ಸುಮ್ಮನಿರುತ್ತಾನೆ.

ಮುನಾಫನ ಲ್ಯಾನ್ಸರ್ ಬಂದದ್ದು ಮೇ ಕೊನೆಗೆ.
ಬಾನೆಟ್ಟಿನ ಬಣ್ಣ ಎದ್ದು ಹೋಗಿತ್ತು. ಒಳಗೆ ಮಾತ್ರ ಜಪಾನಿನ ಎಂಜಿನು,
ಶಾರ್ಜಾದ ಗುಜರಿಯಿಂದ ಅರ್ಧ ಕಾರಾಗಿ ಹಡಗು ಹತ್ತಿದ್ದು.
ಅದರ ಟರ್ಬೊ ತೆಂಗಿನ ಗೆರಟೆಯಷ್ಟು.
ದೊಡ್ಡದು ಬೇಕು ಎಂದ ಮುನಾಫ್.
ಹೊಸತಕ್ಕೆ ಹೇಳಿದ ಕ್ರಯದಲ್ಲಿ
ಕಾವೂರಿನ ಆಚೆ ಒಂದೂವರೆ ಸೆಂಟ್ಸು ಜಾಗ ಬರುತ್ತಿತ್ತು.

ಬಾವ್ತಿಸ್ ಧಕ್ಕೆಗೆ ಹೋದ.
ಮೀನುಗಾರಿಕೆ ನಿಂತ ಜೂನು,
ಬೋಟುಗಳು ಒಂದರ ಮೈಗೆ ಒಂದು ಒರಗಿ ತೂಕಡಿಸುತ್ತಿದ್ದವು.
ಗುಜರಿಗೆ ಬಿದ್ದ ಪರ್ಸೀನ್ ಬೋಟಿನ ಎದೆ ಬಿಚ್ಚಿ
ಟರ್ಬೊ ತಂದ, ಹಲಸಿನ ಗುಜ್ಜೆಯಷ್ಟು.
ಮೂರು ಸಲ ಡೀಸೆಲಿನಲ್ಲಿ ತೊಳೆದರೂ
ಬಂಗುಡೆ ವಾಸನೆ ಬಿಡಲಿಲ್ಲ.
"ಇದು ಕಾರಾ, ಮೀನಿನ ಟೆಂಪೊವಾ ಮಾರಾಯ?"
ಮುನಾಫ್ ಮೂಗು ಮುಚ್ಚಿಕೊಂಡ.

ಮಳೆಗಾಲವಿಡೀ ಲೇತು ತಿರುಗಿತು.
ಫ್ಲೇಂಜು ಕೊರೆದ, ಮ್ಯಾನಿಫೋಲ್ಡು ಬೆಸೆದ,
ಐಸ್ ಪ್ಲಾಂಟಿನ ಪೈಪಿಗೆ ಇಂಟರ್‌ಕೂಲರ್ ಜೋಡಿಸಿದ.
ರಾತ್ರಿ ಎಲ್ಲರೂ ಹೋದ ಮೇಲೆ ಶಾಫ್ಟನ್ನು
ಉಗುರಿನಲ್ಲಿ ಮೆಲ್ಲಗೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು,
ಅದು ನಿಲ್ಲುವವರೆಗೂ ಕೇಳುತ್ತಿದ್ದ.

ದೊಡ್ಡ ಟರ್ಬೊಗೆ ಒಂದು ರೋಗ ಉಂಟು.
ಪೆಡಲು ತುಳಿದ ಕೂಡಲೇ ಏನೂ ಆಗುವುದಿಲ್ಲ.
ಹೊಗೆ ಹೋಗಿ ಚಕ್ರ ತಿರುಗಬೇಕು,
ಚಕ್ರ ತಿರುಗಿ ಗಾಳಿ ಎಳೆಯಬೇಕು,
ಗಾಳಿ ಒಳಗೆ ಹೋಗಿ ಬೆಂಕಿಯಾಗಬೇಕು.
ಅಲ್ಲಿವರೆಗೆ ಕಾಯಬೇಕು. ಲ್ಯಾಗ್ ಅಂತಾರೆ.
ಈ ಹೆಸರು ನನಗೆ ಹೇಳಿಕೊಟ್ಟವನು ಬಾವ್ತಿಸನೇ.
"ಲ್ಯಾ" ದಾಟುವಾಗ ಅವನ ಚಹಾ ಆರಿತ್ತು.
ನಾನು ನಗಲಿಲ್ಲ.
ಸ್ವಲ್ಪ ನಕ್ಕೆ.

ನನ್ನದು ಸಮಯ ಹಿಡಿಯುವ ಕೆಲಸ.
ಶನಿವಾರ ಕಂಬಳದ ಮಂಜೊಟ್ಟಿಯಲ್ಲಿ ಕಿರಣ ಬಿಡುವ ಪೆಟ್ಟಿಗೆಯನ್ನೇ
ಡಿಸೆಂಬರಿನ ಆ ಭಾನುವಾರ ಡಾಂಬರಿನ ಬದಿಗೆ ಇಟ್ಟೆ,
ಒಣಗಿದ ಕೆಸರು ಉಗುರಿನಲ್ಲಿ ಕೆರೆದು.
ಕೋಣಗಳಿಗೂ ಹನ್ನೆರಡು ಸೆಕೆಂಡು, ಕಾರಿಗೂ ಹನ್ನೆರಡು.
ದೂರ ಬೇರೆ. ಅದು ಪೆಟ್ಟಿಗೆಗೆ ಗೊತ್ತಿಲ್ಲ.

ಪಕ್ಕದ ಲೇನಿನಲ್ಲಿ ಕೊಚ್ಚಿಯ ಬಿಳಿ ಸುಬರು.
ಹಸಿರು ದೀಪ.
ಸುಬರು ಹೋಯಿತು.
ನಮ್ಮದು ಊಟ ಮಾಡಿ ಎದ್ದ ಭಾವನ ಹಾಗೆ
ಮೆಲ್ಲಗೆ ಹೊರಟಿತು.
ಜನ ಕೂ ಅಂದರು.
ಬಾವ್ತಿಸ್ ಬೇಲಿಯ ಕಬ್ಬಿಣ ಹಿಡಿದಿದ್ದ,
ತುಟಿ ತೆರೆದಿತ್ತು, ಶಬ್ದ ಇರಲಿಲ್ಲ.

ಆಮೇಲೆ ಸಿಳ್ಳು.
ಬೆಂಗ್ರೆಯ ಅಳಿವೆ ದಾಟುವ ಗಾಳಿಯಂತೆ ಸಣ್ಣಗೆ ಶುರುವಾಗಿ
ಹಲ್ಲಿನ ಬುಡಕ್ಕೆ ಬರುವ ಸಿಳ್ಳು,
ಮೂತಿ ಎತ್ತಿತು ಲ್ಯಾನ್ಸರ್,
ನನ್ನ ಅಂಗಿ ಬೆನ್ನಿಗೆ ಅಂಟಿತು,
ಹನ್ನೆರಡು ಬಿಂದು ಮೂರು ಒಂದು.
ಸುಬರು ಹನ್ನೆರಡು ಬಿಂದು ನಾಲ್ಕು.

ಎರಡನೇ ಓಟದಲ್ಲಿ, ಮುನ್ನೂರು ಮೀಟರಿನ ಹತ್ತಿರ,
ಸಿಳ್ಳು ಕಿರುಚಾಗಿ, ಕಿರುಚು ಟಕ್ಕೆಂದು ಮುಗಿದು
ಬಿಳಿ ಹೊಗೆ. ಸುಟ್ಟ ಎಣ್ಣೆ,
ನನ್ನಾಣೆ, ಅದರೊಳಗೆ ಬಂಗುಡೆ.
ಬಾನೆಟ್ಟು ಎತ್ತಿದರೆ ಶಾಫ್ಟು ಎರಡು ತುಂಡು,
ರೆಕ್ಕೆಗಳು ತರಗಲೆ.
ಮುನಾಫ್ ಹೆಲ್ಮೆಟ್ಟು ತೆಗೆಯಲಿಲ್ಲ.

ಬಾವ್ತಿಸ್ ಬಿಸಿ ಲೋಹಕ್ಕೆ ಚಿಂದಿ ಸುತ್ತಿ ಹಿಡಿದು
ನನ್ನನ್ನು ನೋಡಿದ. "ಬ..."
ನನ್ನ ಬಾಯಲ್ಲಿ ಮೂರು ಮಾತು ತಯಾರಿತ್ತು.
ಬೇರಿಂಗ್. ಬೇಡ. ಬಿಡುವ.
ನಾಲಿಗೆ ಕಚ್ಚಿ ಹಿಡಿದೆ.
ಮೊದಲ ಸಲ ಇರಬೇಕು.
ಯಾರೋ ಸೋಡಾ ಒಡೆದರು. ನೊಣ ಬಂದು ಕೂತಿತು, ಹೋಯಿತು.

"ಬ... ಬ...
ಬಂದರಿನಲ್ಲಿ
ಇದಕ್ಕಿಂತ ದೊಡ್ಡದೊಂದು ಉಂಟು."