ಬಲಗೈಯ ಕಿರುಬೆರಳು

ಅಕ್ಕಲಕೋಟ ರೋಡಿನ ಟಾವೆಲ್ ಕಾರ್ಖಾನೆ,
ಬಣ್ಣದ ಮನೆಯ ಬಗಲಿಗೆ ಒಂದು ತಂಪು ಕೋಣೆ.
ಒಳಗೆ ಎದೆಮಟ್ಟದ ಕರೀ ಪೆಟ್ಟಿಗೆ.
ಭಾರೀ ಸರ್ವರೂ ಅಲ್ಲ, ಪುಟಾಣಿಯೂ ಅಲ್ಲ,
ನಡುವಿನದು, ನಮ್ಮಂಥದು.
ಇಪ್ಪತ್ತೆರಡು ವರ್ಷದಲ್ಲಿ ರಜೆ ಹಾಕಿದ್ದು ಎರಡೇ ಸಲ.

ಅದರಿಂದ ಹೊರಟ ಹೆಬ್ಬೆರಳು ದಪ್ಪದ ಕೇಬಲ್ಲು
ಹಿತ್ತಲ ಗೋದಾಮಿಗೆ ಹೋಗುತ್ತಿತ್ತು.
ಗೋದಾಮು ಈಗ ವಳಸಂಗದಲ್ಲಿ.
ಹದಿನೆಂಟು ಕಿಲೋಮೀಟರು ನೆಲ ಅಗೆಯುವವರು ಯಾರು?
ಹಸಿರಕ್ಷರದ ಹಳೆಯ ಪರದೆಗಳನ್ನು
ಗುಜರಿಯವನು ತೂಕಕ್ಕೆ ಹಾಕಿ ಒಯ್ದ.
ಹೊಸ ಪಿಸಿಗಳಿಗೆ ಅವುಗಳದೇ ವೇಷ ಕಟ್ಟಬೇಕು,
ಎಂಬತ್ತೆಳೆ ಹಾಸು, ಇಪ್ಪತ್ತನಾಲ್ಕು ಹೊಕ್ಕು,
ಒಂದೆಳೆ ಹೆಚ್ಚುಕಮ್ಮಿ ಆಗದ ಹಾಗೆ.
ಅದಕ್ಕೇ ನನ್ನ ಕರೆಸಿದ್ದು.

ಟೆಲ್ನೆಟ್ಟನ್ನು ಎಬ್ಬಿಸಿ
ಇಪ್ಪತ್ತಮೂರನೇ ಬಾಗಿಲಲ್ಲಿ ಕೂರಿಸಿದೆ.
ವಳಸಂಗದಿಂದ ಸಾತಲಿಂಗನ ಫೋನು:
‘ಕದಾ ಬಡದೀನ್ರಿ. ಒಳಗ ಯಾರೋ ಅದಾರ.
ಆದ್ರ ತೆಗೀವಲ್ರು.’

ಮೌಲ್ಯಗಳ ಪಟ್ಟಿ ಪುಟ ಪುಟ ಇಳಿದೆ.
ಸಿಕ್ಕಿತು: ತಾನಾಗಿ ಹುಟ್ಟಿಸಬಹುದಾದ ಸಾಧನಗಳು,
ಸೊನ್ನೆ.
ಯಾವನೋ ಎಚ್ಚರಿಕೆಯವನು ಇಟ್ಟುಹೋದ ಸೊನ್ನೆ,
ಗುರುತಿಲ್ಲದೆ ಬಂದವರಿಗೆ ಮಣೆ ಹಾಕಬೇಡವೆಂದು.
ಹನ್ನೆರಡು ಮಾಡಿದೆ.
‘ಬಂತ್ರೀ! ಹಸರ ಬಂತು!’

ಆಮೇಲೆ ಇಪ್ಪತ್ತಮೂರಕ್ಕೆ ಅಗುಳಿ ಹಾಕಿ
ಒಂಬೈನೂರ ತೊಂಬತ್ತೆರಡು ತೆರೆದೆ.
ಪಾಸ್‌ವರ್ಡು ರಸ್ತೆಗಿಳಿಯುವಾಗ
ಮೈತುಂಬ ಬಟ್ಟೆ ಉಟ್ಟಿರಲಿ.

ಹೆಸರಿನದೊಂದು ತಂಟೆ.
ಯಂತ್ರ ಕೊಡುವುದು ಬರೀ ನಂಬರು,
ಇವತ್ತು ಒಂದಾದವರು ನಾಳೆ ಮೂರು,
ಪ್ರಿಂಟರು ಯಾರ ಚೀಟಿಯನ್ನು ಯಾರಿಗೋ ಕೊಡುತ್ತದೆ.
ಹತ್ತು ಅಕ್ಷರ ಮೀರದಂತೆ ನಾನೇ ಕರೆದೆ:
ತೂಕ. ಗಂಟು. ಲಾರಿ.
ಕಿಟಕಿ ಬಳಿಯದಕ್ಕೆ ನರಸೂ.

ನರಸೂಬಾಯಿ ಬೊಮ್ಮಡ್ಯಾಳ, ಹತ್ತೊಂಬತ್ತು ವರ್ಷದ ಬೆರಳು.
ಎಣಿಸುವುದು ತೆಲುಗಿನಲ್ಲಿ, ಬೈಯುವುದು ಮರಾಠಿಯಲ್ಲಿ,
ಕನ್ನಡ ನನ್ನ ಪಾಲಿಗೆ.
ಮರುದಿನ ನಾನು ವಳಸಂಗಕ್ಕೆ ಹೋದಾಗ
ಪರದೆಯ ಅಡಿಯಲ್ಲೊಂದು ಕಾಟು ಬಿದ್ದು
ಕೀಲಿಮಣೆ ಕಲ್ಲಾಗಿತ್ತು.
ಮತ್ತೆ ಬಿಡಿಸಿದೆ. ಮತ್ತೆ ಕಲ್ಲು.

ಪಕ್ಕದಲ್ಲಿ ನಿಂತು ನೋಡಿದೆ.
ಗಂಟಿನ ನಂಬರು ಹೊಡೆದಳು, ಬಲಗೈಯ ಕಿರುಬೆರಳು
ನೋಡದೆ ಹಾರಿ ದೊಡ್ಡ ಕೀಲಿಯ ಮೇಲೆ ಬಿತ್ತು.
ಹಳೆಯ ಕೀಲಿಮಣೆಯಲ್ಲಿ ಆ ಜಾಗಕ್ಕೆ ಅರ್ಥ
ಈ ಖಾನೆ ಮುಗೀತು, ಮುಂದಿನದಕ್ಕೆ ನಡಿ.
ಇಲ್ಲಿ ಅದರರ್ಥ, ಎಲ್ಲ ಮುಗೀತು, ಕಳಿಸು.
ತೂಕವಿಲ್ಲದ, ಬಣ್ಣವಿಲ್ಲದ ಅರೆಚೀಟಿ
ಸೊಲ್ಲಾಪುರದವರೆಗೆ ಓಡಿ
ಬೈಸಿಕೊಂಡು ವಾಪಸು ಬರುತ್ತಿತ್ತು.

‘ತಲಿಗಿ ಹೇಳ್ದಿ, ತಿಳೀತು.
ಬೆರಳಿಗಿ ಯಾರ ಹೇಳಬೇಕ?’

ಕೀಲಿಗಳ ನಕ್ಷೆ ತೆರೆದು ಕೂತೆ.
ದೊಡ್ಡ ಕೀಲಿಗೆ ಖಾನೆ ದಾಟುವ ಕೆಲಸ,
ಬಲಮೂಲೆಯ ಕಂಟ್ರೋಲಿಗೆ ಕಳಿಸುವ ಕೆಲಸ.
ಅಷ್ಟರಲ್ಲಿ ರಾತ್ರಿಪಾಳಿಯ ಸಾತಲಿಂಗ:
‘ನನಗ ಉಲ್ಟಾ ಬೇಕ್ರಿ, ನಾ ಮೊಬೈಲ್ ಕಾಲದಾವ.’
ಒಂದೇ ಮೇಜು, ಎರಡು ನಕ್ಷೆ.
ಯಾರು ಬಂದರೋ ಅವರದು ಹಾಸಬೇಕು.
ಒಂದೊಂದೇ ಕೀಲಿ ಒತ್ತಿಸಿ ಕೇಳಿದೆ.
ಚಹಾ ಬಂತು, ಆರಿತು, ಇನ್ನೊಂದು ಬಂತು.

ಮ್ಯಾನೇಜರರ ಹಾಳೆ ಕೇಳುತ್ತದೆ,
ಕೆಲಸ: ಸರ್ವರ್ ಹೊಂದಿಸಿದ್ದು. ಸಮಯ?
ಹನ್ನೊಂದು ನಿಮಿಷ ಎಂದು ಬರೆದೆ.
ಉಳಿದ ನಾಲ್ಕೂವರೆ ತಾಸಿಗೆ ಅದರಲ್ಲಿ ಖಾನೆಯೇ ಇಲ್ಲ.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು.
ಸುಮ್ಮನೆ ಹೊರಗೆ ನೋಡುತ್ತಿದ್ದಳು.
ಮಡಿಲ ಡಬ್ಬಿಯ ಮುಚ್ಚಳದ ಮೇಲೆ ಕಿರುಬೆರಳು
ಟಕ್, ಸ್ವಲ್ಪ ತಡೆದು, ಟಕ್.
ಯಾವ ಖಾನೆ ದಾಟುತ್ತಿದ್ದಳೋ, ನಾನು ಕೇಳಲಿಲ್ಲ.
ಕುಂಭಾರಿ ಬಂತು. ಇಳಿದಳು.